ಒಂದೇ ಡಿಸ್ಕಿನಲ್ಲಿದ್ದ ಸುರಂಗಗಳು

ಪೆರ್ಲದ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಮುಂದೆ ಜೀಪು ನಿಂತಾಗ ನಾನು ಪ್ರಿಂಟರೊಂದರ ಒಳಗೆ ಸಿಕ್ಕಿಕೊಂಡಿದ್ದ ಕಾಗದವನ್ನು ಎಳೆಯುತ್ತಿದ್ದೆ. ಮೊದಲು ಇಳಿದವರು ಸಮಾಜಪಾಠ ಕಲಿಸಿ ನಿವೃತ್ತರಾದ ಮಾಷ್ಟ್ರು. ಅವರ ಹಿಂದೆ ಗುಡ್ಡೆಯ ಬುಡದ ಮನೆಯ ಅಕ್ಕ, ಹಾಸುವ ಬಟ್ಟೆಯಲ್ಲಿ ಸುತ್ತಿದ ಒಂದು ಭಾರವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಇಳಿದರು. ಮೇಜಿನ ಮೇಲಿಟ್ಟು ಬಿಚ್ಚಿದರೆ, ಅವರ ಊರಿನ ವಾಚನಾಲಯದ ಕಂಪ್ಯೂಟರು.

"ನಿನ್ನೆ ಸಂಜೆ ಸಿಡಿಲು ಬಿತ್ತು ಟೀಚರ್," ಎಂದರು ಮಾಷ್ಟ್ರು. ಅಂಗಡಿ ತೆರೆಯುವ ಮೊದಲು ನಾನು ಇದೇ ಪೇಟೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆ. ಹಾಗಾಗಿ ಊರಿಗೆಲ್ಲ ನಾನು ಟೀಚರ್. "ಕರೆಂಟಿನ ಪ್ಲಗ್ಗು ನಾನೇ ತೆಗೆದಿದ್ದೆ. ಆದ್ರೂ ಹೋಯ್ತು."

"ಫೋನಿನ ವಯರು?"

ಮಾಷ್ಟ್ರು ಅಕ್ಕನ ಮುಖ ನೋಡಿದರು. ಅಕ್ಕ ಜೀಪಿಗೆ ಹೋಗಿ ಇಂಟರ್ನೆಟ್ಟಿನ ಮೋಡೆಮನ್ನು ತಂದುಕೊಟ್ಟರು. ಫೋನಿನ ತಂತಿ ಸಿಕ್ಕಿಸುವ ಜಾಗದಲ್ಲಿ ಪ್ಲಾಸ್ಟಿಕ್ಕು ಕಪ್ಪಾಗಿ ಕರಗಿತ್ತು. ಸಿಡಿಲಿಗೆ ಕರೆಂಟಿನ ದಾರಿ ಮುಚ್ಚಿದ್ದರೂ ಫೋನಿನ ದಾರಿ ತೆರೆದೇ ಇತ್ತು. ಮೋಡೆಮಿನಿಂದ ನೆಟ್ಟಿನ ಕೇಬಲ್ಲು ಹಿಡಿದು ಅದು ಕಂಪ್ಯೂಟರಿನೊಳಕ್ಕೆ ಬಂದಿತ್ತು. ಮೇ ತಿಂಗಳ ಸಂಜೆಯ ಗುಡುಗಿಗೆ ನಮ್ಮ ಕಡೆ ಇದು ಹೊಸತಲ್ಲ. ಅಂಥ ಮೋಡೆಮುಗಳು ನನ್ನ ಅಂಗಡಿಯ ಮೂಲೆಯಲ್ಲಿ ರಾಶಿಯಾಗಿ ಬಿದ್ದಿದ್ದವು.

"ಕಂಪ್ಯೂಟರು ಹೋದ್ರೆ ಹೋಗ್ಲಿ," ಎಂದರು ಅಕ್ಕ. "ನಮ್ಮ ಸುರಂಗಗಳು ಅದರೊಳಗೆ ಉಂಟು."

ಪೆರ್ಲ ಸೇರಿದ ಎಣ್ಮಕಜೆ ಪಂಚಾಯತಿನ ಗುಡ್ಡೆಗಳಲ್ಲಿ ಬಾವಿಗಿಂತ ಹೆಚ್ಚು ಸುರಂಗಗಳೇ ನೀರು ಕೊಡುವುದು. ಕೆಂಪು ಜಂಬಿಟ್ಟಿಗೆಯ, ನಮ್ಮ ಮಾತಿನಲ್ಲಿ ಮುರಕಲ್ಲಿನ, ಗುಡ್ಡೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲಕ್ಕೆ ಕೊರೆದ ದಾರಿ ಅದು. ಕೊನೆಯಲ್ಲಿ ಜಿನುಗುವ ನೀರು ನೆಲದ ಕಾಲುವೆಯಲ್ಲಿ ತಾನಾಗಿ ಹರಿದು ಮನೆಯ ಟ್ಯಾಂಕಿಗೆ ಬರುತ್ತದೆ. ಪಂಪು ಬೇಡ, ಹಗ್ಗ ಬೇಡ. ಮಾಷ್ಟ್ರು ಮತ್ತು ವಾಚನಾಲಯದವರು ಎರಡು ಬೇಸಗೆ ಈ ಸುರಂಗಗಳನ್ನು ಹೊಕ್ಕು ಅಳೆದಿದ್ದರು. ಬಾಯಿ ಎಲ್ಲಿದೆ, ಉದ್ದ ಎಷ್ಟು, ಎಲ್ಲಿ ಕವಲೊಡೆಯುತ್ತದೆ, ಬೇಸಗೆಯಲ್ಲಿ ಎಷ್ಟು ನೀರು, ಎಷ್ಟು ಮನೆ ಕುಡಿಯುತ್ತದೆ, ಎಲ್ಲವೂ ಫೋಟೋ ಸಮೇತ. ಮೊದಲು ಅದು ಹವ್ಯಾಸವಾಗಿತ್ತು. ಆ ವರ್ಷ ಗುಡ್ಡೆಯ ಮೇಲೆ ಮುರಕಲ್ಲಿನ ಕೋರೆ ಮಾಡಲು ಯಾರೋ ಅನುಮತಿ ಕೇಳಿದ ಮೇಲೆ ಅದು ಹವ್ಯಾಸವಾಗಿ ಉಳಿಯಲಿಲ್ಲ. ಕಲ್ಲು ಕಡಿಯುವ ಯಂತ್ರ ಮೇಲೆ ಇಳಿದರೆ ಕೆಳಗಿನ ಸುರಂಗ ಕುಸಿಯುತ್ತದೆ. ಸ್ಥಳ ನೋಡಲು ಅಧಿಕಾರಿಗಳು ಬರುತ್ತಾರೆಂದು ಗೊತ್ತಾಗಿತ್ತು. ಬರುವ ಸೋಮವಾರ.

"ಬೇರೆ ಕಡೆ ಕಾಪಿ ಉಂಟಾ ಮಾಷ್ಟ್ರೇ?"

"ಉಂಟಲ್ಲ! ಬ್ಯಾಕಪ್ ಇಲ್ಲದೆ ನಾನು ಕೆಲಸ ಮಾಡುದಿಲ್ಲ. ಡಿ ಡ್ರೈವಿನಲ್ಲಿ ಉಂಟು."

ನಾನು ಸ್ಕ್ರೂಡ್ರೈವರ್ ಕೆಳಗಿಟ್ಟೆ. "ಸಿ ಡ್ರೈವೂ ಡಿ ಡ್ರೈವೂ ಒಂದೇ ಡಿಸ್ಕು ಮಾಷ್ಟ್ರೇ. ಒಂದೇ ಕಪಾಟಿನ ಎರಡು ಖಾನೆ. ಕಪಾಟಿಗೇ ಬೆಂಕಿ ಬಿದ್ರೆ?"

ಅವರು ಸ್ಟೂಲಿನ ಮೇಲೆ ಕುಳಿತರು. ಆಮೇಲೆ ಒಂದೊಂದಾಗಿ ಹೊರಬಂತು. ಪೆನ್‌ಡ್ರೈವಿನಲ್ಲೂ ಒಂದು ಪ್ರತಿ ಇತ್ತು. ಯಾವುದೋ ಅಂಗಡಿಯಲ್ಲಿ ಪ್ರಿಂಟು ತೆಗೆಯಲು ಹೋದಾಗ ವೈರಸ್ ಹತ್ತಿ ಫೈಲುಗಳೆಲ್ಲ ಶಾರ್ಟ್‌ಕಟ್ಟುಗಳಾಗಿ ಕಂಡವು. ಅಲ್ಲಿದ್ದವನು ಉಪಕಾರ ಮಾಡುತ್ತೇನೆಂದು ಫಾರ್ಮ್ಯಾಟ್ ಮಾಡಿಕೊಟ್ಟ. ಕ್ಯಾಮೆರಾದ ಕಾರ್ಡನ್ನು ಅಳಿಸಿ ಅದರ ತುಂಬ ಒಂದು ಮದುವೆಯ ವಿಡಿಯೋ ಹಿಡಿದಿದ್ದರು. ಸುರಂಗದೊಳಗೆ ಬರೆದುಕೊಂಡ ಹಾಳೆಗಳು ಕೆಸರಾಗಿದ್ದವು. ಕಂಪ್ಯೂಟರಿಗೆ ಏರಿಸಿದ ಮೇಲೆ ಇನ್ನೆಂತಕ್ಕೆ ಎಂದು ಸ್ನಾನದ ನೀರಿನ ಒಲೆಗೆ ಹಾಕಿದ್ದರು.

"ಯಾರು ಹಾಕಿದ್ದು?" ಎಂದು ಅಕ್ಕ ಕೇಳಿದರು.

"ನಾನೇ," ಎಂದರು ಮಾಷ್ಟ್ರು.

ಡಿಸ್ಕನ್ನು ಬಿಚ್ಚಿ ನನ್ನ ಪರೀಕ್ಷೆಯ ಪವರ್ ಸಪ್ಲೈಗೆ ಜೋಡಿಸಿದೆ. ಸಪ್ಲೈಯ ಫ್ಯಾನು ಒಮ್ಮೆ ಜಗ್ಗಿ ನಿಂತಿತು. ಡಿಸ್ಕು ತೆಗೆದರೆ ಸರಿಯಾಗಿ ತಿರುಗಿತು. ಇದನ್ನು ನೋಡಿ ನನಗೆ ಖುಷಿಯಾಯಿತು. ಡಿಸ್ಕಿನ ಅಡಿಯ ಹಸಿರು ಬೋರ್ಡಿನಲ್ಲಿ, ಕರೆಂಟು ಒಳಬರುವ ಬಾಯಲ್ಲೇ, ಕಾವಲಿಗೆಂದು ಇಟ್ಟ ಸಣ್ಣ ಡಯೋಡುಗಳಿರುತ್ತವೆ. ಹೆಚ್ಚಿನ ಕರೆಂಟು ನುಗ್ಗಿದರೆ ಅವು ಸತ್ತು ಉಳಿದದ್ದನ್ನು ಉಳಿಸುತ್ತವೆ. ಮಲ್ಟಿಮೀಟರ್ ಹಿಡಿದರೆ ಒಂದು ಡಯೋಡು ಎರಡೂ ಬದಿಗೆ ಕೀಂ ಎಂದಿತು, ಎಂದರೆ ಅದು ಸುಟ್ಟು ಶಾರ್ಟಾಗಿತ್ತು. ಅದನ್ನು ಕಿತ್ತು ಮತ್ತೆ ಪವರ್ ಕೊಟ್ಟೆ. ಫ್ಯಾನು ತಿರುಗಿತು. ಡಿಸ್ಕು ಮಾತ್ರ ತಿರುಗಲಿಲ್ಲ. ಬೋರ್ಡಿಗೆ ಬೆರಳಿಟ್ಟೆ. ಮೋಟಾರನ್ನು ನಡೆಸುವ ಚಿಪ್ಪು ಬೆರಳನ್ನು ಚುರ್ರೆಂದು ಸುಟ್ಟಿತು. ತಕ್ಷಣ ಪವರ್ ತೆಗೆದೆ.

"ಇನ್ನೊಮ್ಮೆ ಹಾಕಿ ನೋಡಿ ಟೀಚರ್," ಎಂದರು ಮಾಷ್ಟ್ರು.

"ಇಲ್ಲ. ಇನ್ನೊಮ್ಮೆ ಇನ್ನೊಮ್ಮೆ ಅಂತ ಹಾಕಿಯೇ ಅರ್ಧ ಡಿಸ್ಕು ಸಾಯುದು."

ಬೋರ್ಡು ಸತ್ತಿದೆ, ಆದರೆ ಮಾಹಿತಿ ಬೋರ್ಡಿನಲ್ಲಿಲ್ಲ, ಒಳಗಿನ ತಟ್ಟೆಗಳಲ್ಲಿದೆ. ಇದೇ ಮಾದರಿಯ, ಇದೇ ನಂಬರಿನ ಬೋರ್ಡು ಬೇರೆ ಡಿಸ್ಕಿನಿಂದ ಸಿಕ್ಕಿದರೆ ಕೂರಿಸಿ ನೋಡಬಹುದು. ದೊಡ್ಡ ಊರಿನ ಲ್ಯಾಬಿಗೆ ಕಳುಹಿಸಿದರೆ ವಾರಗಟ್ಟಲೆ ಹಿಡಿಯುತ್ತಿತ್ತು, ಸೋಮವಾರ ಕಾಯುತ್ತಿರಲಿಲ್ಲ. ಕಾಸರಗೋಡು, ಪುತ್ತೂರು, ಮಂಗಳೂರು ಎಂದು ಗೊತ್ತಿದ್ದ ಅಂಗಡಿಗಳಿಗೆಲ್ಲ ಫೋನು ಮಾಡಿದೆ. ಡಿಸ್ಕುಗಳಿದ್ದವು, ಬೋರ್ಡಿನ ನಂಬರು ಬೇರೆ. ಸಂಜೆ ಅಂಗಡಿ ಮುಚ್ಚುವಾಗ ನೆನಪಾಯಿತು. ವಾಚನಾಲಯಕ್ಕೆ ಈ ಡಿಸ್ಕನ್ನು ಮಾರಿದವಳು ನಾನೇ. ಅದರ ಜೊತೆ ಒಂದೇ ಪೆಟ್ಟಿಗೆಯಲ್ಲಿ ಬಂದ ಇನ್ನೊಂದನ್ನು ಬದಿಯಡ್ಕದ ಸ್ಟುಡಿಯೋಕ್ಕೆ ಹಾಕಿಕೊಟ್ಟಿದ್ದೆ.

ಮರುದಿನ ಮೊದಲ ಬಸ್ಸಿಗೆ ನಾನೂ ಮಾಷ್ಟ್ರೂ ಬದಿಯಡ್ಕಕ್ಕೆ ಹೋದೆವು. ಸ್ಟುಡಿಯೋ ನಡೆಸುವವರು ಬ್ಯಾರಿ ಮನೆಯವರು, ನಾವೆಲ್ಲ ಕಾಕ ಎಂದು ಕರೆಯುವವರು. ನನ್ನ ಬೇಡಿಕೆ ಕೇಳಿ ಕ್ಯಾಮೆರಾ ಕೆಳಗಿಟ್ಟರು.

"ಎಂತ ಟೀಚರ್, ಓಡುವ ಬಸ್ಸಿನ ಇಂಜಿನ್ ಬಿಚ್ಚಿಕೊಡು ಅಂತೀರಲ್ಲ! ಈ ಸೀಸನಿನ ಎಲ್ಲ ಮದುವೆ ಅದರಲ್ಲಿ ಉಂಟು. ಒಬ್ಬ ಮದುಮಗ ದುಬೈಗೆ ವಾಪಸ್ ಹೋಗಿ ಆಯ್ತು, ಆಲ್ಬಂ ಇನ್ನೂ ಆಗ್ಲಿಲ್ಲ."

"ಬ್ಯಾಕಪ್ ಉಂಟಾ ಕಾಕ?"

"ಅದೇ ಬ್ಯಾಕಪ್. ಕ್ಯಾಮೆರಾದ್ದು ಅದಕ್ಕೆ ಹಾಕುದು, ಕಾರ್ಡು ಅಳಿಸುದು."

"ಹಾಗಾದ್ರೆ ಅದು ಬ್ಯಾಕಪ್ ಅಲ್ಲ. ಇರುವುದೇ ಅದೊಂದು."

ಕಾಕ ಡಿಸ್ಕಿದ್ದ ಕಂಪ್ಯೂಟರಿನ ಕಡೆ ಹೊಸದಾಗಿ ನೋಡಿದರು. ಮಾಷ್ಟ್ರು ಸುರಂಗಗಳ ಕತೆ ಹೇಳಿದರು. ಕಾಕನ ತಾಯಿಯ ಮನೆಯಲ್ಲೂ ಸುರಂಗದ ನೀರೇ ಅಂತೆ. ಆಗ ಅವರ ಧ್ವನಿ ಬದಲಾಯಿತು. "ತಗೊಂಡು ಹೋಗಿ. ಆದ್ರೆ ನನ್ನ ಮದುಮಗ್ಳುಗಳಿಗೆ ಎಂತ ಆಗ್ಬಾರ್ದು."

ಬೋರ್ಡು ಬಿಚ್ಚಲು ಕೆಲವೇ ನಿಮಿಷ ಸಾಕು. ಬಿಚ್ಚಿಕೊಂಡು ಹನ್ನೊಂದರ ಬಸ್ಸು ಹಿಡಿಯಬಹುದಿತ್ತು. ನನ್ನ ಕೈ ಆಗಲೇ ಸ್ಕ್ರೂಡ್ರೈವರಿನ ಮೇಲಿತ್ತು. ಆದರೆ ನನ್ನ ಮೇಜಿನಲ್ಲಿ ಈ ಬೋರ್ಡು ಸುಟ್ಟುಹೋದರೆ? ಒಬ್ಬರ ಸುರಂಗ ಉಳಿಸಲು ಇನ್ನೊಬ್ಬರ ವರ್ಷದ ದುಡಿಮೆಯನ್ನು ಪಣಕ್ಕಿಡುವ ಹಕ್ಕು ನನಗಿರಲಿಲ್ಲ. ಬ್ಯಾಗಿನಲ್ಲಿ ಹೊಸ ಡಿಸ್ಕೊಂದಿತ್ತು, ವಾಚನಾಲಯದ ಮಾಹಿತಿ ತುಂಬಿಕೊಳ್ಳಲೆಂದು ತಂದದ್ದು. ಅದನ್ನು ತೆಗೆದು ಹೇಳಿದೆ, "ಮೊದಲು ಕಾಕನದ್ದು ಪೂರ್ತಿ ಇದಕ್ಕೆ ಕಾಪಿ ಆಗ್ಲಿ. ಆಮೇಲೆ ಬೋರ್ಡು."

ಮಾಷ್ಟ್ರು ನನ್ನನ್ನು ಹೊರಗೆ ಕರೆದರು. "ಇಡೀ ದಿನ ಹೋಗ್ತದೆ ಟೀಚರ್! ಸೋಮವಾರ ಅವರು ಬರ್ಲಿಕ್ಕುಂಟು."

"ಗೊತ್ತುಂಟು ಮಾಷ್ಟ್ರೇ. ಆದ್ರೂ ಹೀಗೆಯೇ."

ಅವರು ಕೋಪದಿಂದ ಬಸ್‌ಸ್ಟ್ಯಾಂಡಿನ ತನಕ ಹೋದರು. ಬರುವಾಗ ಮೂವರಿಗೂ ಚಹಾ ಮತ್ತು ಗೋಳಿಬಜೆ ತಂದರು. ನಡುವೆ ಕರೆಂಟು ಹೋಯಿತು. ಯುಪಿಎಸ್ಸಿನ ಕೂಗು ಕೇಳಿ ನಾವು ಮೂವರೂ ಎದ್ದು ನಿಂತೆವು. ಅದರ ಬ್ಯಾಟರಿ ಮುಗಿಯುವ ಮೊದಲೇ ಕರೆಂಟು ಬಂತು. ಕಾಪಿ ಮುಗಿದ ಮೇಲೆ ಕಾಕನನ್ನೇ ಕೂರಿಸಿ, ಅಲ್ಲೊಂದು ಇಲ್ಲೊಂದು ಮದುವೆ ತೆರೆದು ನೋಡಲು ಹೇಳಿದೆ. ತೆರೆದು ನೋಡದ ಕಾಪಿಯನ್ನು ನಾನು ಕಾಪಿ ಎನ್ನುವುದಿಲ್ಲ. ಎಲ್ಲ ಮದುಮಗಳಂದಿರೂ ಕ್ಷೇಮವಾಗಿದ್ದರು. ಕಾಕ ಹೊಸ ಡಿಸ್ಕನ್ನು ಬೀರುವಿನೊಳಗಿಟ್ಟು ಬೀಗ ಹಾಕಿ, ಹಳೆಯದನ್ನು ತಾವೇ ನನ್ನ ಕೈಗಿತ್ತರು.

ಬೋರ್ಡು ಹಾಗೆಯೇ ಬದಲಿಸಿದರೆ ನಡೆಯುವುದಿಲ್ಲ. ಪ್ರತಿ ಡಿಸ್ಕಿನ ಬೋರ್ಡಿನಲ್ಲೂ ಎಂಟು ಕಾಲಿನ ಒಂದು ಸಣ್ಣ ಚಿಪ್ಪು ಇರುತ್ತದೆ. ಆ ಡಿಸ್ಕಿಗೇ ಸೇರಿದ ಅಳತೆಗಳು ಅದರಲ್ಲಿರುತ್ತವೆ. ಸುಟ್ಟ ಬೋರ್ಡಿನಿಂದ ಆ ಚಿಪ್ಪನ್ನು ಎಬ್ಬಿಸಿ, ಕಾಕನ ಬೋರ್ಡಿನ ಚಿಪ್ಪಿನ ಜಾಗದಲ್ಲಿ ಕೂರಿಸಬೇಕು. ಮರುದಿನ ಬೆಳಗ್ಗೆ ಅಂಗಡಿಯ ಅರ್ಧ ಬಾಗಿಲು ಎಳೆದು, ಫ್ಯಾನು ನಿಲ್ಲಿಸಿ, ಮೊಬೈಲ್ ರಿಪೇರಿಗೆ ಬಳಸುವ ಬಿಸಿಗಾಳಿಯ ಗನ್ನು ಹಿಡಿದೆ. ಬೆಸುಗೆಯ ಸೀಸ ಹೊಳೆದು ಕರಗಿದ ಕ್ಷಣಕ್ಕೆ ಚಿಮುಟದಲ್ಲಿ ಎತ್ತಿದೆ. ಬೆವರು ಕಣ್ಣಿಗಿಳಿಯುತ್ತಿತ್ತು. ಮಾಷ್ಟ್ರ ಜೊತೆ ಬಂದು ನಿಂತಿದ್ದ ಅಕ್ಕ ತಮ್ಮ ಸೆರಗಿನಿಂದ ನನ್ನ ಹಣೆ ಒರೆಸಿದರು. ಕಾಕನ ಚಿಪ್ಪನ್ನು ಬೇರೆ ಡಬ್ಬಿಯಲ್ಲಿ ಹೆಸರು ಬರೆದಿಟ್ಟು, ನಮ್ಮದನ್ನು ಕೂರಿಸಿ, ಒಂದೊಂದು ಕಾಲನ್ನೂ ಭೂತಗನ್ನಡಿಯಲ್ಲಿ ನೋಡಿದೆ.

ಪವರ್ ಕೊಟ್ಟೆ. ಮೊದಲು ಏನೂ ಇಲ್ಲ. ಆಮೇಲೆ ಸಣ್ಣಗೆ ಸುಂಯ್ ಎಂಬ ಸದ್ದು ಮೇಲೇರಿತು.

"ತಿರುಗ್ತಾ ಉಂಟು!" ಎಂದು ಮಾಷ್ಟ್ರು ಕೂಗಿದ್ದು ಪಕ್ಕದ ಜವಳಿ ಅಂಗಡಿಗೂ ಕೇಳಿತು.

"ಇನ್ನು ಫೈಲು ತೆರೆಯುವ, ಅಲ್ಲವಾ?" ಎಂದರು ಅಕ್ಕ.

"ಇಲ್ಲಕ್ಕ. ಈಗ ಇದನ್ನು ಮುಟ್ಲಿಕ್ಕೆ ಇಲ್ಲ."

ಪೆಟ್ಟು ತಿಂದ ಡಿಸ್ಕನ್ನು ವಿಂಡೋಸಿಗೆ ತೋರಿಸಿದರೆ ಅದು ತಾನಾಗಿ ರಿಪೇರಿಗೆ ಇಳಿಯುತ್ತದೆ, ಇಲ್ಲವೇ ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಎರಡೂ ಅಪಾಯ. ಶಾಲೆಗಳಲ್ಲಿ ಲಿನಕ್ಸ್ ಬಂದ ಕಾಲಕ್ಕೆ ಮಕ್ಕಳಿಗೆ ಪಾಠ ಹೇಳಲೆಂದು ಕಲಿತಿದ್ದೆ, ಅದೇ ಈಗ ಕೆಲಸಕ್ಕೆ ಬಂತು. ಹಳೆಯ ಡಿಸ್ಕಿಗೆ ಒಂದು ಅಕ್ಷರವನ್ನೂ ಬರೆಯದೆ, ಮೊದಲಿನಿಂದ ಕೊನೆಯ ತನಕ ಇದ್ದದ್ದನ್ನು ಇದ್ದ ಹಾಗೆ ಇನ್ನೊಂದು ಡಿಸ್ಕಿಗೆ ಎತ್ತಿಕೊಳ್ಳುವ ಪ್ರೋಗ್ರಾಮು ಶುರು ಮಾಡಿದೆ. ಹುಡುಕಾಟವೆಲ್ಲ ಆಮೇಲೆ, ಆ ಪ್ರತಿಯಲ್ಲಿ.

ತೆರೆಯ ಮೇಲೆ ಅಂಕಿಗಳು ಓಡತೊಡಗಿದವು. ಮಾಷ್ಟ್ರು ಕುರ್ಚಿ ಎಳೆದು ಕ್ರಿಕೆಟ್ ಸ್ಕೋರು ನೋಡುವವರಂತೆ ಕುಳಿತರು. ಸ್ವಲ್ಪ ಮುಂದೆ ಹೋಗುವಾಗ ವೇಗ ಕುಸಿಯಿತು. ಓದಲಾಗದ ಭಾಗದ ಲೆಕ್ಕ ಏರತೊಡಗಿತು. ಡಿಸ್ಕಿನೊಳಗಿಂದ ಟಿಕ್, ಟಿಕ್ ಎಂದು ಕೇಳಿಸಿತು. ಸಿಡಿಲಿನ ಪೆಟ್ಟು ಒಳಗಿನ ಓದುವ ತಲೆಗೂ ತಾಗಿತ್ತೋ ಏನೋ. ನಿಲ್ಲಿಸಿದೆ. ಡಿಸ್ಕು ತಣಿಯಲಿ ಎಂದು ಬಿಟ್ಟು ಮತ್ತೆ ಹಚ್ಚಿದೆ. ಅದೇ ಜಾಗದಲ್ಲಿ ಮತ್ತೆ ಟಿಕ್ ಟಿಕ್.

"ಸುರಂಗದ ಪಟ್ಟಿ ಎಲ್ಲಿ ಇಟ್ಟಿದ್ರಿ ಮಾಷ್ಟ್ರೇ? ಯಾವ ಫೋಲ್ಡರು?"

"ಡೆಸ್ಕ್‌ಟಾಪಿನಲ್ಲೇ. ಕಣ್ಣೆದುರು ಇರ್ಲಿ ಅಂತ."

ಡೆಸ್ಕ್‌ಟಾಪ್ ಎಂದರೆ ಸಿ ಡ್ರೈವು, ಎಂದರೆ ಡಿಸ್ಕಿನ ಮೊದಲ ಭಾಗ, ಎಂದರೆ ಈ ಟಿಕ್ ಟಿಕ್ ಇದ್ದ ಜಾಗ. ಅಲ್ಲಿಯೇ ಮತ್ತೆ ಮತ್ತೆ ಗುದ್ದಾಡಿದರೆ ತಲೆ ಪೂರ್ತಿ ಸಾಯುತ್ತದೆ. ನಾನು ಎದ್ದು ಅಂಗಡಿಯ ಮೆಟ್ಟಿಲ ಮೇಲೆ ನಿಂತೆ. ಕಾಸರಗೋಡಿನ ಬಸ್ಸು ತಿರುವಿನಲ್ಲಿ ಹಿಂದಕ್ಕೆ ಬಂದು ಬಂದು ತಿರುಗುತ್ತಿತ್ತು. ಮಾಷ್ಟ್ರು ಡಿ ಡ್ರೈವಿಗೂ ಹಾಕಿದ್ದರಲ್ಲ. ನಾನು ತಳ್ಳಿಹಾಕಿದ್ದ ಆ ಬ್ಯಾಕಪ್. ಅದು ಡಿಸ್ಕಿನ ಹಿಂಭಾಗದಲ್ಲಿದೆ. ಮುಂಭಾಗವನ್ನು ಸದ್ಯಕ್ಕೆ ಬಿಟ್ಟುಬಿಡಬೇಕು, ಕೊನೆಯಿಂದ ಹಿಮ್ಮುಖವಾಗಿ ಓದಿಸಬೇಕು.

ಒಳಗೆ ಓಡಿದೆ. ಆಜ್ಞೆಗೆ ಒಂದು ಅಕ್ಷರ ಸೇರಿಸಿ ಹಚ್ಚಿದೆ. ಡಿಸ್ಕು ಸದ್ದಿಲ್ಲದೆ, ಸರಾಗವಾಗಿ, ಕೊನೆಯಿಂದ ಮುಂದಕ್ಕೆ ಬರತೊಡಗಿತು. ವೇಗ ನೋಡಿ ನಾನು ಕೈ ತಟ್ಟಿದೆ. ಯಾಕೆಂದು ಗೊತ್ತಾಗದೆ ಅಕ್ಕನೂ ತಟ್ಟಿದರು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಡಿ ಡ್ರೈವು ಪೂರ್ತಿ ಪ್ರತಿಯಾಗಿತ್ತು. ಹಳೆಯ ಡಿಸ್ಕಿನ ಪವರ್ ತೆಗೆದು, ಪ್ರತಿಯನ್ನು ತೆರೆದೆ. ಫೋಲ್ಡರಿನ ಹೆಸರು ಕಂಡಿತು: ಸುರಂಗ. ಫೋಟೋಗಳು ಒಂದೊಂದಾಗಿ ಬಿಚ್ಚಿಕೊಂಡವು. ಗೇರುಮರದ ಬುಡದ ಕಪ್ಪು ಬಾಯಿಗಳು, ಟಾರ್ಚಿನ ಬೆಳಕಿನಲ್ಲಿ ಕೆಂಪು ಗೋಡೆ, ಕೆಸರಲ್ಲಿ ನಗುತ್ತಿರುವ ಮಾಷ್ಟ್ರು. ಪಟ್ಟಿಯೂ ತೆರೆಯಿತು. ಮಾಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅಕ್ಕ ತೆರೆಗೆ ಮುಖ ತಾಗಿಸಿಕೊಂಡು ಓದುತ್ತಿದ್ದರು. "ನಮ್ಮದು ಎಲ್ಲಿ?"

ಮೇಲಿನಿಂದ ಕೆಳಗೆ ಎರಡು ಸಲ ನೋಡಿದೆವು. ಇರಲಿಲ್ಲ. ಮಾಷ್ಟ್ರು ಡಿ ಡ್ರೈವಿಗೆ ಕೊನೆಯ ಬಾರಿ ಹಾಕಿದ್ದು ಏಪ್ರಿಲ್ ನಡುವಿನ ಬಿಸು ಹಬ್ಬಕ್ಕೆ ಮೊದಲು. ಗುಡ್ಡೆಯ ಬುಡದ ಸುರಂಗಗಳನ್ನು ಅಳೆದದ್ದು ಬಿಸು ಕಳೆದ ಮೇಲೆ. ಕೋರೆಯ ಜಾಗಕ್ಕೆ ಅತಿ ಹತ್ತಿರದವು ಅವೇ. ಬೇರೆಲ್ಲ ಉಳಿದು, ಬೇಕಾದವು ಮಾತ್ರ ಹೋಗಿದ್ದವು.

ಮುಂಭಾಗದಲ್ಲಿ ಇನ್ನೊಮ್ಮೆ ಪ್ರಯತ್ನಿಸಬಹುದಿತ್ತು. ಸಿಕ್ಕರೂ ಸಿಗಬಹುದು, ಡಿಸ್ಕು ಸತ್ತರೂ ಸಾಯಬಹುದು. ಆದರೆ ಸುರಂಗಗಳು ಡಿಸ್ಕಿನಲ್ಲಿ ಮಾತ್ರ ಇರಲಿಲ್ಲವಲ್ಲ!

"ನಾಳೆ ಆದಿತ್ಯವಾರ," ಎಂದೆ. "ಮತ್ತೆ ಅಳೆಯುವ."

"ಒಳಗೆ ಹೋಗುವವರು ಯಾರು?" ಎಂದರು ಮಾಷ್ಟ್ರು. "ನಾನು ಹೊರಗೆ ಕೂತು ಬರೆಯುವವ. ಅಳೆದ ಇಬ್ಬರಲ್ಲಿ ಒಬ್ಬ ಗಲ್ಫಿಗೆ ಹೋದ, ಒಬ್ಬನ ಕಾಲು ಉಳುಕಿದೆ."

"ನಾನು ಹೋಗ್ತೇನೆ."

ಮಾಷ್ಟ್ರು ನನ್ನ ಗಾತ್ರ ನೋಡಿ, ಆಗಬಹುದು ಎಂಬಂತೆ ತಲೆಯಾಡಿಸಿದರು.

ಪಾದ್ರಿಗಳ ಬೆಳಗಿನ ಪೂಜೆ ಮುಗಿದ ಕೂಡಲೇ ಇಗರ್ಜಿಯಿಂದ ನೇರ ಗುಡ್ಡೆಗೆ ಹೋದೆ. ಸೀರೆ ಬದಲಿಸಿ ಅಕ್ಕನ ಮಗನ ಹಳೆಯ ಪ್ಯಾಂಟು ಹಾಕಿಕೊಂಡೆ. ಅಲ್ಲಿಯವರೆಗೆ ಸುರಂಗ ಎಂದರೆ ನನಗೆ ಪಟ್ಟಿಯ ಒಂದು ಸಾಲು. ಈಗ ಬಗ್ಗಿ ಒಳಹೊಕ್ಕರೆ ತಣ್ಣಗಿನ ಗಾಳಿ, ಕಾಲ ಕೆಳಗೆ ಹರಿಯುವ ನೀರು, ಕಿವಿಯ ಬದಿಯಲ್ಲಿ ಹಾರಿಹೋಗುವ ಬಾವಲಿ. ಒಂದು ಕೈಯಲ್ಲಿ ಮೇಣದಬತ್ತಿ. ಅದು ಮಂಕಾದರೆ ಒಳಗೆ ಉಸಿರಾಡುವ ಗಾಳಿಯಿಲ್ಲ, ಕೂಡಲೇ ಹಿಂದೆ ಬರಬೇಕು. ಇನ್ನೊಂದು ಕೈಯಲ್ಲಿ ಅಳತೆಯ ಟೇಪು. ನಾನು ಕೂಗಿದ್ದನ್ನು ಸುರಂಗದ ಬಾಯಲ್ಲಿ ಕುಳಿತ ಮಾಷ್ಟ್ರು ಬರೆದುಕೊಂಡರು. ಪ್ರತಿ ಸುರಂಗ ಮುಗಿದ ಕೂಡಲೇ ಹೊರಬಂದು ಆ ಹಾಳೆಯ ಫೋಟೋ ತೆಗೆದು, ಸಿಗ್ನಲ್ ಸಿಗುವ ದಿಬ್ಬದ ತನಕ ಓಡಿ, ಮಂಗಳೂರಿನಲ್ಲಿದ್ದ ಮಾಷ್ಟ್ರ ಮಗಳಿಗೆ ಕಳುಹಿಸಿದೆ. ಮುಗಿದ ಮೇಲೆ ಒಟ್ಟಿಗೆ ಕಳುಹಿಸುವ ಎಂದು ಮಾಷ್ಟ್ರು ಈ ಸಲ ಹೇಳಲಿಲ್ಲ.

ಅಕ್ಕನ ಮನೆಯದು ಎಲ್ಲಕ್ಕಿಂತ ಉದ್ದದ್ದು. ನಡುವೆ ಒಂದು ಕಡೆ ಬಲಕ್ಕೆ ಬಾಗಿ ಗುಡ್ಡೆಯ ಒಳಕ್ಕೆ ಹೋಗುತ್ತಿತ್ತು. ಕೊನೆ ಮುಟ್ಟಿ, ಜಿನುಗುವ ಕಲ್ಲಿಗೆ ಟೇಪಿನ ತುದಿ ಒತ್ತಿ ಹಿಡಿದಿದ್ದೆ. ಆಗ ತಲೆಯ ಮೇಲೆ ಕೇಳಿಸಿತು. ಧಡ್. ಸ್ವಲ್ಪ ಬಿಟ್ಟು ಮತ್ತೆ ಧಡ್. ಮಣ್ಣಿನ ಹುಡಿ ಮೇಣದಬತ್ತಿಯ ಮೇಲೆ ಉದುರಿತು. ಕುಸಿಯಿತು ಎಂದೇ ಹೆದರಿ ಅರ್ಧ ತೆವಳಿಕೊಂಡು ಹೊರಗೆ ಬಂದೆ.

"ಮೇಲೆ ಯಾರೋ ಗುದ್ದುತ್ತಾ ಇದ್ದಾರೆ!"

ಅಕ್ಕ ಗೇರುಮರಗಳ ನಡುವೆ ಗುಡ್ಡೆ ಹತ್ತಿ ಓಡಿದರು. ತಿರುಗಿ ಬಂದಾಗ ಏದುಸಿರು. "ಕೋರೆಯವರು ಮಾಷ್ಟ್ರೇ. ನಾಳೆ ತೋರಿಸ್ಲಿಕ್ಕೆ ಗಡಿಕಲ್ಲು ಹುಗಿಯುತ್ತಾ ಇದ್ದಾರೆ. ಬಿಳಿ ಪೈಂಟು ಹಚ್ಚಿದ ಕಲ್ಲು."

ನಾವು ಮೂವರೂ ಒಬ್ಬರನ್ನೊಬ್ಬರು ನೋಡಿದೆವು. ಸುರಂಗ ಬಾಗಿದ್ದು ಪಟ್ಟಿಯಲ್ಲಿ ಹಿಂದೆಯೂ ಇತ್ತಂತೆ. ಆದರೆ ಬಾಗಿ ಯಾವ ಜಾಗದ ಅಡಿಗೆ ಹೋಗಿದೆ ಎಂದು ಯಾರೂ ನೋಡಿರಲಿಲ್ಲ. ಅಕ್ಕನ ಮನೆಯ ಕುಡಿಯುವ ನೀರು ಹುಟ್ಟುವುದು ಆ ಬಿಳಿ ಕಲ್ಲಿನ ಕೆಳಗೆ.

ಸೋಮವಾರ ಅಧಿಕಾರಿ ಬಂದರು. ತಿರುವನಂತಪುರ ಕಡೆಯವರು, ಮಲಯಾಳದಲ್ಲಿ ಮೆಲ್ಲಗೆ ಮಾತಾಡುವವರು. ನಕ್ಷೆ ಬಿಡಿಸಿ ಪಟ್ಟಿ ಕೊಟ್ಟೆವು. ಓದಿದರು. ಕಾಗದದ ಮೇಲೆ ಏನು ಬೇಕಾದರೂ ಬರೆಯಬಹುದು ಎಂದು ಕೋರೆಯ ಕಡೆಯವರು ಹೇಳಿದರು. ಮಾಷ್ಟ್ರು, "ಸರ್, ನೀವು ಒಳಗೆ ಬರ್ತೀರಾ?" ಎಂದು ಕೇಳಿದರು.

ಅಧಿಕಾರಿ ಶೂ ಬಿಚ್ಚಿ, ಪ್ಯಾಂಟು ಮಡಚಿದರು. ಮುಂದೆ ಮೇಣದಬತ್ತಿ ಹಿಡಿದು ನಾನು, ಹಿಂದೆ ಅವರು, ಅವರ ಹಿಂದೆ ಮಾಷ್ಟ್ರು. ಅಕ್ಕ ಹಾರೆ ಹೆಗಲಿಗೇರಿಸಿ ಗುಡ್ಡೆ ಹತ್ತಿದ್ದರು. ತಿರುವು ದಾಟಿ ಕೊನೆ ತಲುಪಿ ಮೂವರೂ ಬಗ್ಗಿ ನಿಂತೆವು. ನೀರು ಜಿನುಗುವುದು ಬಿಟ್ಟರೆ ಸದ್ದಿಲ್ಲ. ಅಕ್ಕನಿಗೆ ಕಲ್ಲು ತಪ್ಪಿತೋ ಎಂದು ನಾನು ಮೇಲಕ್ಕೆ ಕಿವಿಗೊಟ್ಟೆ.

ಧಡ್.

ಅಧಿಕಾರಿ ತಲೆಯೆತ್ತಿದರು. ಇನ್ನೊಮ್ಮೆ ಧಡ್. ಕೆಂಪು ಹುಡಿ ಅವರ ಬಿಳಿ ಅಂಗಿಯ ಹೆಗಲ ಮೇಲೆ ಬಿತ್ತು.

"ಇದು ಆ ಗಡಿಕಲ್ಲಾ?"

"ಅದೇ ಸರ್. ಈ ಮನೆಯ ಅಕ್ಕ ಅದರ ಬುಡಕ್ಕೆ ಹಾರೆ ಹಾಕುತ್ತಾ ಇದ್ದಾರೆ."

ಅವರು ಕೈಯೆತ್ತಿ ಮಾಡಿನ ಕಲ್ಲಿಗೆ ಅಂಗೈ ಒತ್ತಿ, ಮುಂದಿನ ಪೆಟ್ಟಿಗೆ ಕಾದರು. ಅದು ಅಂಗೈಗೇ ತಾಗಿರಬೇಕು. "ಈ ಬದಿಗೆ ನಾನು ಒಪ್ಪಿ ಬರೆಯುವುದಿಲ್ಲ," ಎಂದರು. ಮಳೆಗಾಲ ಕಳೆದ ಮೇಲೆ ಬಂದ ಆದೇಶದಲ್ಲೂ ಗುಡ್ಡೆಯ ಆ ಇಡೀ ಮಗ್ಗುಲನ್ನು ಬಿಟ್ಟಿದ್ದರು. ಆದರೆ ನಮಗೆ ಅದು ಗೊತ್ತಾದದ್ದು ಆಗಲೇ, ಆ ಕತ್ತಲಲ್ಲಿ.

"ಸಾಕು ಮಾರಾಯ್ತಿ, ಸಾಕು! ಕೇಳಿ ಆಯ್ತು!" ಎಂದು ಮಾಷ್ಟ್ರು ಮೇಲಕ್ಕೆ ಕೂಗಿದರು. ಅಷ್ಟು ಕಲ್ಲಿನಾಚೆ ನಿಂತ ಅಕ್ಕನಿಗೆ ಅದು ಹೇಗೆ ಕೇಳಬೇಕು? ಅವರು ಗುದ್ದುತ್ತಲೇ ಇದ್ದರು. ನಾವು ಮೂವರೂ ಹುಡಿ ಮೆತ್ತಿದ ಮುಖದಲ್ಲಿ, ಪಾದ ಮುಳುಗುವ ನೀರಿನಲ್ಲಿ ನಿಂತು ನಗುತ್ತಿದ್ದೆವು.